ಮಳೆಗಾಲದಲ್ಲಿ ಮುಚ್ಚಿಕೊಂಡಿದ್ದ ಬಿರುಕು

ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಹಳೇ ಗಿಟಾರಿನ ಮೇಲ್ಹಲಗೆ, ಎಫ್ ಆಕಾರದ ಕಂಡಿಯ ಕೆಳತುದಿಯಿಂದ ಹೊರಟ ಕೂದಲೆಳೆಯಂಥ ಬಿರುಕು. ಅದರ ಬೆನ್ನಿಗೇ ಇನ್ನೊಂದು ಫೋಟೋ: ಜುಲೈಯಲ್ಲಿ ನಾನೇ ಬರೆದುಕೊಟ್ಟ ಚೀಟಿ. ‘ಮೇಲ್ಹಲಗೆಯಲ್ಲಿ ಬಿರುಕಿಲ್ಲ.’ ಮಾತೇನೂ ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮಡಿಕೇರಿಯಲ್ಲಿ ನನ್ನದೊಂದು ಪುಟ್ಟ ರಿಪೇರಿ ಅಂಗಡಿ. ಅಪ್ಪ ಮರಗೆಲಸದವರು, ನಾನು ಅದೇ ಉಳಿ ಹಿಡಿದು ಗಿಟಾರಿನ ಕಡೆ ಹೊರಳಿದವನು. ಚರ್ಚಿನ ಗಿಟಾರ್, ಕಾಲೇಜು ಹುಡುಗರ ಗಿಟಾರ್, ಹೋಮ್‌ಸ್ಟೇಗಳಲ್ಲಿ ಕ್ಯಾಂಪ್‌ಫೈರ್ ಪಕ್ಕ ಬೆಂದುಹೋದ ಗಿಟಾರ್, ಇವೇ ಹೊಟ್ಟೆಪಾಡು. ಆರ್ಚ್‌ಟಾಪ್, ಅಂದರೆ ಉಬ್ಬು ಹಲಗೆಯ ಗಿಟಾರ್, ಕೈಗೆ ಸಿಗುವುದು ಅಪರೂಪ. ಸಿಕ್ಕಿದಾಗ ಸ್ವಲ್ಪ ತಲೆ ತಿರುಗುತ್ತದೆ, ತಪ್ಪಾಗಲು ಅದೂ ಒಂದು ಕಾರಣ.

ಇದು ಸಿದ್ದಾಪುರದ ಕಡೆಯ ಒಬ್ಬ ಅಜ್ಜಿಯದು. ಅವರ ತಂದೆ ಬಿಳಿಯರ ಕಾಫಿ ತೋಟದಲ್ಲಿ ರೈಟರ್ ಆಗಿದ್ದರಂತೆ. ದೊರೆ ತೋಟ ಮಾರಿ ಊರಿಗೆ ಹೊರಟಾಗ ಕೊಟ್ಟುಹೋದ ಗಿಟಾರ್. ಜರ್ಮನಿಯ ಹಾಫ್ನರ್, 1950ರ ದಶಕದ್ದು. ಮನೆಯಲ್ಲಿ ನುಡಿಸುವವರಿಲ್ಲ, ಮೊಮ್ಮಗಳು ಬೆಂಗಳೂರಿನಲ್ಲೊಬ್ಬ ಗಿರಾಕಿ ಹುಡುಕಿದ್ದಳು. ಕಂಡೀಷನ್ ಹೇಗಿದೆ ಅಂತ ತಿಳಿದವರಿಂದ ಬರೆಸಿ ಕಳಿಸಿ ಅಂದನಂತೆ ಆತ. ಹಾಗೆ ನನ್ನ ಮೇಜಿಗೆ ಬಂತು.

ಮಾಮೂಲಿ ಗಿಟಾರಿನ ಹಲಗೆ ಚಪ್ಪಟೆ, ತಂತಿಗಳನ್ನು ಹೊರುವ ಬ್ರಿಜ್ ಅದಕ್ಕೆ ಅಂಟಿರುತ್ತದೆ, ತಂತಿಗಳು ಅದನ್ನು ಎಳೆಯುತ್ತವೆ. ಆರ್ಚ್‌ಟಾಪಿನದು ಪಿಟೀಲಿನ ಸಂಸಾರ: ಉಬ್ಬಿದ ಹಲಗೆ, ಅದರ ಮೇಲೆ ಸುಮ್ಮನೆ ಕೂತ ಬ್ರಿಜ್, ತಂತಿಗಳ ಬುಡ ಹಿಂದಿನ ಲೋಹದ ಟೇಲ್‌ಪೀಸಿಗೆ. ಎಳೆತವಿಲ್ಲ, ಒತ್ತಡ. ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಗಿಟಾರಿಗೆ ಎಫ್ ಕಂಡಿ ಕೊಟ್ಟ ಮೇಲೆ ಈ ರೂಪವೇ ಗಟ್ಟಿಯಾಯಿತು. ನಾನು ಮೊದಲು ನೋಡುವುದು ಆ ಕಂಡಿಯ ಅಂಚನ್ನೇ. ಅಲ್ಲಿ ಪದರ ಪದರ ಕಂಡರೆ ಪ್ಲೈವುಡ್ ಒತ್ತಿ ಬಗ್ಗಿಸಿದ್ದು. ಮರದ ಗೆರೆ ಮೇಲಿಂದ ಕೆಳಗೆ ಒಂದೇ ಸಮ ಇಳಿದಿದ್ದರೆ ಅಖಂಡ ಹಲಗೆ. ಇದರಲ್ಲಿ ಇಳಿದಿತ್ತು. ಅಖಂಡ ಸ್ಪ್ರೂಸ್ ಮರ ಅಂದರೆ ದನಿ ಚೆಂದ, ಸೀಳುವ ಭಯವೂ ಜಾಸ್ತಿ.

ಆಮೇಲೆ ನನ್ನ ಕಣ್ಣೆಲ್ಲ ಪಿಕ್‌ಗಾರ್ಡಿನ ಮೇಲೆ, ಹಲಗೆಗೆ ಗೀರು ಬೀಳದಂತೆ ಹಾಕುವ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ತಗಡು ಅದು. ಹಳೇ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲದ ಆವಿ ಬಿಡುತ್ತದೆ, ಹತ್ತಿರದ ಲೋಹ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಮೂಗಿಗೆ ಘಾಟು, ಟೇಲ್‌ಪೀಸಿನ ಮೇಲೆ ಹಸಿರು ಕಿಲುಬು. ಪಿಕ್‌ಗಾರ್ಡನ್ನು ಬಿಚ್ಚಿ ಬೇರೆ ಇಟ್ಟೆ, ಅರ್ಧ ಪುಟ ಬರೆದೆ. ಕತ್ತು ನೇರವೇ, ತಂತಿಯ ಎತ್ತರ ಎಷ್ಟು, ಹಲಗೆ ಬಡಿದರೆ ಒಳಗಿನ ಪಟ್ಟಿ ಗಲಗಲ ಅನ್ನುತ್ತದೆಯೇ, ಎಲ್ಲ ಬರೆದೆ.

ದಂತವೈದ್ಯರ ಪುಟ್ಟ ಕನ್ನಡಿಯನ್ನು ಕಂಡಿಯೊಳಗೆ ಇಳಿಸಿ ಟಾರ್ಚ್ ಬಿಟ್ಟೂ ನೋಡಿದ್ದೆ. ಅಲ್ಲೇ ಇತ್ತು ಅದು. ಅಂಚೆಚೀಟಿಗಿಂತ ಚಿಕ್ಕ ಮರದ ಚಕ್ಕೆ, ಹಲಗೆಯ ಗೆರೆಗೆ ಅಡ್ಡವಾಗಿ ಅಂಟಿಸಿದ್ದು, ಅಂಚಿನಲ್ಲಿ ಜೇನಿನ ಬಣ್ಣದ ಸರೇಸು ಉಕ್ಕಿ ಒಣಗಿತ್ತು. ಕಾರ್ಖಾನೆಯವರೇ ಹಾಕಿರಬೇಕು ಅಂದುಕೊಂಡು ಕನ್ನಡಿ ಹೊರತೆಗೆದೆ. ಖಾಲಿ ಜಾಗದಲ್ಲಿ ಒಂಟಿ ಚಕ್ಕೆಯನ್ನು ಯಾವ ಕಾರ್ಖಾನೆಯೂ ಸುಮ್ಮನೆ ಹಾಕುವುದಿಲ್ಲ. ಬಿರುಕು ಬಿಟ್ಟಲ್ಲಿ ರಿಪೇರಿಯವರು ಹಾಕುತ್ತಾರೆ. ನಾನೇ ನೂರು ಸಲ ಹಾಕಿದ್ದೇನೆ!

ಆದರೆ ಹೊರಗಿನಿಂದ ಬಿರುಕು ಕಾಣಲಿಲ್ಲ ಅನ್ನುವುದು ಸುಳ್ಳಲ್ಲ. ಜುಲೈಯ ಮಡಿಕೇರಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಚಪ್ಪಲಿಗೆ ಬೂಷ್ಟು, ಉಪ್ಪಿನ ಡಬ್ಬದಲ್ಲಿ ನೀರು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಒದ್ದರೂ ತೆಗೆಯದು. ಬಾಗಿಲು ಉಬ್ಬಿದಂತೆ ಗಿಟಾರಿನ ಹಲಗೆಯೂ ಗೆರೆಗೆ ಅಡ್ಡವಾಗಿ ಉಬ್ಬುತ್ತದೆ, ಬಿರುಕಿನ ಎರಡು ತುಟಿ ಒತ್ತಿ ಕೂಡಿಕೊಳ್ಳುತ್ತವೆ. ಗಿಟಾರಿಗೆ ಹಿತವಾದ ತೇವ ಶೇಕಡಾ 45ರಿಂದ 50ರ ಆಸುಪಾಸು. ನನ್ನ ಅಂಗಡಿಯಲ್ಲಿ ಆಗ 90ರ ಮೇಲಿದ್ದಿರಬೇಕು. ‘ಇರಬೇಕು’ ಅಂತ ಬರೆಯಲು ನಾಚಿಕೆಯಾಗುತ್ತದೆ, ಮಾಪಕವೇ ಇರಲಿಲ್ಲ. ಕಾಫಿ ಮಾರಲು ಹೋದರೆ ಮಾಯಿಶ್ಚರ್ ನೋಡದೆ ಯಾವ ವ್ಯಾಪಾರಿಯೂ ರೇಟು ಹೇಳುವುದಿಲ್ಲ. ಅಂಥ ಊರಲ್ಲಿ ಕೂತು ನಾನು ಮರಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದೆ. ಗಿಟಾರ್ ಬೆಂಗಳೂರಿನ ಒಣ ಹವೆಗೆ ಹೋಯಿತು, ಹಲಗೆ ಕುಗ್ಗಿತು, ತುಟಿ ತೆರೆಯಿತು.

ಅಜ್ಜಿಗೆ ಫೋನ್ ಮಾಡಿದೆ.

“ಅದಾ? ನಾನು ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಬಿದ್ದಿತ್ತಲ್ಲ ಮಗ. ನಮ್ಮಪ್ಪ ಆಚಾರಿ ಹತ್ತಿರ ಕೊಟ್ಟು ಅಂಟಿಸಿದ್ರು.”

“ಮೊದಲೇ ಹೇಳಬಹುದಿತ್ತಲ್ಲ ಅಜ್ಜಿ?”

“ನೀನು ಎಲ್ಲಿ ಕೇಳಿದೆ? ಕನ್ನಡಿ ಹಾಕಿ ನೋಡ್ತಾ ಇದ್ದೆ, ಕಂಡಿರುತ್ತೆ ಅಂದ್ಕೊಂಡೆ.”

ಗಿಟಾರನ್ನು ನನ್ನ ಖರ್ಚಿನಲ್ಲೇ ತರಿಸಿಕೊಂಡೆ. ಹಳೇ ಚಕ್ಕೆ ಒಂದು ಪಕ್ಕ ಬಿಟ್ಟುಕೊಂಡಿತ್ತು. ಬಿಸಿ ಸರೇಸನ್ನು ಬೆರಳಿನಿಂದ ಬಿರುಕಿನೊಳಗೆ ತೀಡಿ ತೀಡಿ ಇಳಿಸಿದೆ, ಒಳಗೆ ಮೂರು ಹೊಸ ಸ್ಪ್ರೂಸ್ ಚಕ್ಕೆ. ಕಂಡಿಯೊಳಗೆ ಕ್ಲಾಂಪ್ ಹೋಗದು, ಹಾಗಾಗಿ ಚಕ್ಕೆಯ ಬೆನ್ನಿಗೊಂದು ಅಯಸ್ಕಾಂತ, ಹಲಗೆಯ ಹೊರಗೊಂದು, ಎರಡೂ ಕಚ್ಚಿಕೊಂಡು ಒಣಗುವವರೆಗೆ ಹಿಡಿದವು. ಆಚಾರಿಯ ಚಕ್ಕೆಯನ್ನು ಕೀಳಲಿಲ್ಲ. ಬಿಟ್ಟ ಪಕ್ಕಕ್ಕೆ ಸರೇಸು ಕೊಟ್ಟು ಅಲ್ಲೇ ಕೂರಿಸಿದೆ.

ಗಿರಾಕಿ ಒಳ್ಳೆಯವನು, ದುಡ್ಡು ವಾಪಸ್ ಕೇಳಲಿಲ್ಲ. ಹೊಸ ಚೀಟಿ ಮಾತ್ರ ಕೇಳಿದ. ಈ ಸಲ ಮೊದಲ ಸಾಲಿನಲ್ಲಿ ತಾರೀಕು, ಎರಡನೆಯದರಲ್ಲಿ ತೇವ: 48. ಮೂರನೆಯದರಲ್ಲಿ, ‘ಮೆಟ್ಟಿಲಿಂದ ಬಿದ್ದದ್ದು, ಮನೆಯವರ ಹೇಳಿಕೆ.’