ಮಸ್ತ್ ಐತಿ ಅಂದ್ರೆ ಸಾಕಾ?

ಮೊನ್ನೆ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೈಲ್ ಬಂತು. ಕಳಿಸಿದ್ದು ನಮ್ಮ ಓಣಿಯ ಹುಡುಗ, ಡಿಗ್ರಿ ಎರಡನೇ ವರ್ಷ. ಕೆಳಗೆ ಒಂದೇ ಸಾಲು: 'ಅಣ್ಣಾ, ನನ್ನ ಫಸ್ಟ್ ಮಿಕ್ಸ್. ಕೇಳಿ ಖರೇ ಖರೇ ಹೇಳ್ರಿ.' 38 ನಿಮಿಷದ ಮಿಕ್ಸ್, ಅಂದ್ರೆ ಹಾಡುಗಳನ್ನು ನಿಲ್ಲಿಸದೆ ಒಂದರೊಳಗೊಂದು ಬೆರೆಸಿದ ರೆಕಾರ್ಡಿಂಗ್.

ಆ 'ಖರೇ ಖರೇ' ಓದಿ ನನ್ನ ನಿದ್ದೆ ಹಾರಿಹೋಯಿತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಬರೆದು ಕಳಿಸಿದ್ದೆ.

ವಿಜಯಪುರದಲ್ಲಿ ಡಿಜೆ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಮನುಷ್ಯ ಅಲ್ಲ, ಗಾಡಿ. ಗಣಪತಿ ಮೆರವಣಿಗೆ ಇರಲಿ, ಮದುವೆ ಇರಲಿ, ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಪೇರಿಸಿಕೊಂಡು ಬಂದ್ರೆ 'ಡಿಜೆ ಬಂತು' ಅಂತಾರೆ. ಎರಡು ಹಾಡನ್ನು ಒಂದರೊಳಗೊಂದು ಸೇರಿಸೋದೂ ಒಂದು ಕೆಲಸ, ಅದನ್ನು ತಿಂಗಳುಗಟ್ಟಲೆ ಕೂತು ಕಲೀಬೇಕು ಅಂತ ಮನೆಯಲ್ಲಿ ಅರ್ಥ ಮಾಡಿಸೋದೇ ದೊಡ್ಡ ಕಷ್ಟ. ಹಾಗಾಗಿ ಇಲ್ಲಿ ಕಲಿಯೋ ಹುಡುಗರಿಗೆ ಕಿವಿ ಕೊಟ್ಟು ಕೇಳೋರು ಬಹಳ ಕಮ್ಮಿ. ಕೇಳಿದವರೂ 'ಮಸ್ತ್ ಐತಿ' ಅಂತಾರೆ, ಮುಗೀತು.

ನನ್ನ ಮೊದಲ ಮಿಕ್ಸನ್ನು ಹನ್ನೆರಡು ಜನಕ್ಕೆ ಕಳಿಸಿದ್ದೆ. ಹನ್ನೊಂದು ಜನ ಮಸ್ತ್ ಅಂದ್ರು. ಒಬ್ಬ ಮಾತ್ರ ಹೀಗೆ ಬರೆದ: '7:40ಕ್ಕೆ ಎರಡು ಬೇಸ್ ಒಟ್ಟಿಗೆ ಓಡ್ತಾವ. ಇಪ್ಪತ್ತು ಸೆಕೆಂಡ್. ಹೆಡ್‌ಫೋನ್ ಹಾಕ್ಕೊಂಡು ಕೇಳು.' ಅವತ್ತು ರಾತ್ರಿ ಸಿಟ್ಟು ಬಂತು. ಬೆಳಿಗ್ಗೆ ಎದ್ದು ಕೇಳಿದೆ. ಅವನು ಹೇಳಿದ್ದು ನಿಜ, ಎರಡು ಹಾಡಿನ ಬೇಸ್, ಅಂದ್ರೆ ಎದೆಗೆ ಗುದ್ದೋ ತಗ್ಗು ಸದ್ದು, ಒಟ್ಟಿಗೆ ಓಡಿ ಕಲಸಿಹೋಗಿತ್ತು. ಗೋಲ್ ಗುಮ್ಮಟದ ಮೇಲಿನ ಗ್ಯಾಲರಿಗೆ ಹೋದವರಿಗೆ ಇದು ಬೇಗ ತಿಳಿಯುತ್ತೆ. ಒಬ್ಬರೇ ಚಪ್ಪಾಳೆ ತಟ್ಟಿದ್ರೆ ಆ ಸದ್ದು ಎಷ್ಟು ಸಲ ತಿರುಗಿ ಬರುತ್ತೆ ಅಂತ ಬೆರಳಲ್ಲಿ ಎಣಿಸಬಹುದು. ಶಾಲೆ ಟ್ರಿಪ್ಪಿನ ಐವತ್ತು ಮಕ್ಕಳು ಒಟ್ಟಿಗೆ ಕೂಗಿದ್ರೆ ಬರೀ ಗೊಂಯ್ ಅನ್ನುತ್ತೆ, ಯಾರ ದನಿ ಯಾವುದು ಗೊತ್ತೇ ಆಗಲ್ಲ. ಎರಡು ಹಾಡಿನ ಬೇಸ್ ಒಂದರ ಮೇಲೊಂದು ಬಿದ್ದಾಗಲೂ ಹಾಗೇ. ಹೊಸ ಹಾಡಿನ ಲೋ ನಾಬ್ (ಬೇಸ್ ಏರಿಸಿ ಇಳಿಸೋ ತಿರುಗಣೆ) ಪೂರ್ತಿ ಇಳಿಸಿ ಒಳಗೆ ತರಬೇಕು. ಸರಿಯಾದ ಜಾಗ ಬಂದಾಗ ಹಳೆಯದರ ಲೋ ಇಳಿಸಿ ಹೊಸದರದ್ದು ಏರಿಸಬೇಕು. ಎರಡು ಕೈಯ ಕೆಲಸ, ಒಂದು ಕ್ಷಣದ್ದು.

ಉಳಿದ ಹನ್ನೊಂದು ಜನ ಸುಳ್ಳು ಹೇಳಿದ್ರಾ? ಇಲ್ಲ. ಅದು ನನಗೆ ಆಮೇಲೆ ಹೊಳೀತು. ಅವರೆಲ್ಲ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ. ಅಷ್ಟು ಸಣ್ಣ ಸ್ಪೀಕರಿಗೆ 100 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಹೊರಡಿಸೋಕೆ ಆಗೋದೇ ಇಲ್ಲ, ಬೇಸ್ ಗುದ್ದಾಡೋದು ಅಲ್ಲೇ ಅಲ್ವಾ? ಅವರ ಕಿವಿಗೆ ಅದು ಬಿದ್ದೇ ಇರಲಿಲ್ಲ. ಅದಕ್ಕೇ ಈಗ ಯಾರಾದ್ರೂ ಮಿಕ್ಸ್ ಕಳಿಸೋ ಮೊದಲು ಒಂದು ಮಾತು ಹೇಳ್ತೀನಿ: ಹೆಡ್‌ಫೋನಿನಲ್ಲಿ ಕೇಳಿ ಅಂತ ಬರಿ, 'ಹೆಂಗೈತಿ' ಅಂತ ಕೇಳಬೇಡ, 'ಎಲ್ಲಿ ಕೆಟ್ಟಿತು, ಎಷ್ಟನೇ ನಿಮಿಷ' ಅಂತ ಕೇಳು.

ಇನ್ನು ಮಿಕ್ಸ್ ಕೇಳಿ ಅಭಿಪ್ರಾಯ ಹೇಳೋರ ಮಾತು. ಇದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೀನಿ.

ಹೋದ ವರ್ಷ ಇನ್ನೊಬ್ಬ ಹುಡುಗ ಮಿಕ್ಸ್ ಕಳಿಸಿದ್ದ. ನಾನು ರಾತ್ರಿಯೆಲ್ಲ ಕೂತು ಹದಿನೇಳು ತಪ್ಪು ಪಟ್ಟಿ ಮಾಡಿ ಕಳಿಸಿದೆ, ಒಂದೊಂದಕ್ಕೂ ನಿಮಿಷ, ಸೆಕೆಂಡ್ ಹಾಕಿ. ಹದಿನೇಳೂ ಸರಿಯಾಗಿದ್ವು. ಅವನಿಂದ ಉತ್ತರ ಬರಲಿಲ್ಲ. ಎರಡು ತಿಂಗಳಾದ ಮೇಲೆ ಗಾಂಧಿ ಚೌಕದಲ್ಲಿ ಸಿಕ್ಕ, ಚಹಾ ಕುಡಿದ್ವಿ. 'ಕಂಟ್ರೋಲರ್ ಮಾರಿಬಿಟ್ಟೆ ಅಣ್ಣಾ' ಅಂದ, ಮಿಕ್ಸ್ ಮಾಡೋ ಯಂತ್ರವನ್ನೇ. ನನ್ನ ಮೆಸೇಜಿನಿಂದ ಅಂತ ಅವನು ಹೇಳಲಿಲ್ಲ. ಆದ್ರೆ ಹೇಳೋವಾಗ ನನ್ನ ಮುಖ ನೋಡಲಿಲ್ಲ. ಆ ಚಹಾದ ಕಪ್ ಇವತ್ತಿಗೂ ಕಣ್ಣ ಮುಂದೆ ಇದೆ. ಅವನ ಮಿಕ್ಸಿನಲ್ಲಿ ಚೆನ್ನಾಗಿದ್ದದ್ದೂ ಇತ್ತು, ನಾನು ಅದನ್ನು ಬರೆದೇ ಇರಲಿಲ್ಲ. ಅದು ಅವನಿಗೆ ಗೊತ್ತೇ ಇರುತ್ತೆ ಅಂದುಕೊಂಡಿದ್ದೆ.

ಈ ಸಲ ಹಾಗೆ ಆಗಬಾರದು ಅಂತ ನಮ್ಮ ಓಣಿಯ ಹುಡುಗನ ಮಿಕ್ಸನ್ನು ಮೊದಲ ಸಲ ಪೆನ್ನು ಹಿಡಿಯದೆ ಕೇಳಿದೆ. ಟೆರೇಸಿನಲ್ಲಿ ಸುಮ್ನೆ ಓಡಾಡ್ತಾ. ಎಲ್ಲಿ ಕಾಲು ತಾಳ ಹಾಕುತ್ತೆ, ಎಲ್ಲಿ ಮನಸ್ಸು ಬೇರೆ ಕಡೆ ಹೋಗುತ್ತೆ, ಅಷ್ಟೇ ನೋಡಿದೆ. ಎರಡನೇ ಸಲ ಬರೆದುಕೊಂಡೆ.

12:05ಕ್ಕೆ ಹೊಸ ಹಾಡು ಬರುತ್ತೆ. ಮೊದಲು ಸರಿ ಇದೆ. ಹತ್ತು ಸೆಕೆಂಡಿಗೆ ಎರಡು ಹಾಡಿನ ಕಿಕ್ಕಿನ (ದಪ್ಪ ಡ್ರಮ್ಮಿನ ಏಟು) ನಡುವೆ ಸಣ್ಣ ಸಂದು ಬೀಳುತ್ತೆ, ಆಮೇಲೆ ಕುದುರೆ ಓಡಿದ ಹಾಗೆ ದಡಬಡ ದಡಬಡ. ಒಂದು ಹಾಡು 126 ಬಿಪಿಎಂ (ನಿಮಿಷಕ್ಕೆ ಬೀಳೋ ಬೀಟು), ಇನ್ನೊಂದು 126.5 ಇದ್ರೂ ಸಾಕು, ನಿಮಿಷಕ್ಕೆ ಅರ್ಧ ಬೀಟ್ ಹಿಂದೆ ಮುಂದೆ ಆಗಿಬಿಡುತ್ತೆ. ಅವನು ಎರಡು ಹಾಡಿನ ವೇಗ ತಾನೇ ಹೊಂದಿಸೋ ಸಿಂಕ್ ಬಟನ್ ಮುಟ್ಟದೆ ಕಿವಿಯಿಂದಲೇ ಹೊಂದಿಸೋಕೆ ನೋಡಿದ್ದಾನೆ ಅಂತ ಅಲ್ಲೇ ಗೊತ್ತಾಯಿತು. ಅದು ನನಗೆ ಬಹಳ ಇಷ್ಟ ಆಯಿತು. (ಸಿಂಕ್ ಒತ್ತೋದು ತಪ್ಪು ಅಂತ ಜಗಳ ಮಾಡೋರ ಜೊತೆ ನಾನಿಲ್ಲ. ಕಿವಿ ಪಳಗಬೇಕು ಅಂದ್ರೆ ಸ್ವಲ್ಪ ದಿನ ಒತ್ತದೆ ಇರೋದು ಒಳ್ಳೇದು, ಅಷ್ಟೇ.) ಇನ್ನು ಹತ್ತು ಮಿಕ್ಸ್ ಮಾಡಿದ್ರೆ ಈ ದಡಬಡ ಅವನಿಗೇ ಕೇಳಿಸುತ್ತೆ. ಅದನ್ನು ಹೇಳಲಿಲ್ಲ.

21ನೇ ನಿಮಿಷದಲ್ಲಿ ನಮ್ಮ ಕಡೆಯ ಒಂದು ಜಾನಪದ ಹಾಡನ್ನು ಹೌಸ್ (ಒಂದು ಬಗೆಯ ಡ್ಯಾನ್ಸ್ ಮ್ಯೂಸಿಕ್) ಟ್ರ್ಯಾಕಿನ ಮೇಲೆ ಹಾಕಿದ್ದಾನೆ. ಬಿಪಿಎಂ ನಂಬರ್ ಒಂದೇ, ಆದ್ರೂ ಕೂಡಲ್ಲ. ಯಾಕಂದ್ರೆ ಆ ಹಾಡಿನ ನಡೆ ಮೂರರದ್ದು, ಹೌಸ್ ನಡೆಯೋದು ನಾಲ್ಕರಲ್ಲಿ. ಅಂಥ ಕಡೆ ಮೇಲೆ ಮೇಲೆ ಕೂರಿಸದೆ ಒಂದನ್ನು ಎಕೋ ಹಾಕಿ ಮುಗಿಸಿ ಇನ್ನೊಂದನ್ನು ನೇರ ಶುರು ಮಾಡೋದೇ ಚೆಂದ. ಇದನ್ನೂ ಈಗ ಹೇಳಲಿಲ್ಲ. ಮುಂದಿನ ಮಿಕ್ಸಿಗೆ ಇಟ್ಟುಕೊಂಡಿದ್ದೀನಿ.

ಹೇಳಿದ್ದು ಎರಡೇ. ಒಂದು, ರೆಕಾರ್ಡಿಂಗ್ ಶುರುವಿನಿಂದ ಕೊನೆವರೆಗೂ ಮಿತಿ ದಾಟಿ ಕೆಂಪು ಲೈಟಿನಲ್ಲೇ ಇದೆ, ಸದ್ದು ಒಡೆದಿದೆ. ಒಡೆದ ಸದ್ದನ್ನು ಆಮೇಲೆ ಸರಿ ಮಾಡೋಕೆ ಆಗಲ್ಲ, ಗೇನ್ (ಒಳಬರೋ ಸದ್ದಿನ ಮಟ್ಟ) ಇಳಿಸು, ಎಷ್ಟೇ ಜೋರಾದ ಜಾಗದಲ್ಲೂ ಮೈನಸ್ 6 ಡೆಸಿಬಲ್ (ಸೊನ್ನೆ ಅಂದ್ರೆ ಒಡೆಯೋ ಮಿತಿ) ದಾಟಬಾರದು, ಕಮ್ಮಿ ಅನ್ನಿಸಿದ್ರೆ ಕೊನೆಗೆ ಏರಿಸಿಕೊಳ್ಳಬಹುದು. ಎರಡು, ಹಾಡು ಶುರು ಮಾಡೋ ಜಾಗ. ಡ್ಯಾನ್ಸ್ ಮ್ಯೂಸಿಕ್ ಹೆಚ್ಚಾಗಿ 32 ಬೀಟಿಗೊಮ್ಮೆ ತಿರುವು ತಗೊಳ್ಳುತ್ತೆ, 128 ಬಿಪಿಎಂ ಇದ್ರೆ ಅದು ಸರಿಯಾಗಿ 15 ಸೆಕೆಂಡ್. ಹೊಸ ಹಾಡನ್ನು ಆ ತಿರುವಿನಲ್ಲೇ ಬಿಡು, ನಡುವೆ ಬೇಡ. ಎರಡೂ ನಾಳೆ ಬೆಳಿಗ್ಗೆಯೇ ಕೂತು ಮಾಡಬಹುದಾದ ಕೆಲಸ.

ಆದ್ರೆ ಇವೆರಡಕ್ಕೂ ಮೊದಲು ಬರೆದದ್ದು ಬೇರೆ. 26:10ಕ್ಕೆ ಅವನು ಡ್ರಮ್ ಪೂರ್ತಿ ತೆಗೆದುಬಿಡ್ತಾನೆ. ಒಂದು ಕ್ಷಣ ಬರೀ ಪ್ಯಾಡಿನ, ಅಂದ್ರೆ ಮೆಲ್ಲಗೆ ಎಳೆದ ಸ್ವರದ ಸದ್ದು. ಆಮೇಲೆ ದೂರದಿಂದ ಹಲಗಿ. ಸಿದ್ಧೇಶ್ವರ ಜಾತ್ರೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದಂತೆ, ಹಿಂದೆ ಯಾರೋ ಮಗುವನ್ನು ಕರೆಯೋದೂ ಕೇಳುತ್ತೆ. ಅದನ್ನು ಎಂಟು ಬೀಟಿಗೆ ಕತ್ತರಿಸಿ ಲೂಪ್ ಮಾಡಿದ್ದಾನೆ, ಅದರ ಕೆಳಗೆ ಕಿಕ್ ನಿಧಾನವಾಗಿ ವಾಪಸ್ ಬರುತ್ತೆ. ಟೆರೇಸಿನಲ್ಲಿ ನಡೀತಿದ್ದವನು ಅಲ್ಲೇ ನಿಂತೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ ಅವನಿಗೆ.

ಬೆಳಿಗ್ಗೆ ಉತ್ತರ ಬಂತು. ಗೇನಿಗೂ 32 ಬೀಟಿಗೂ ಸೇರಿಸಿ ಒಂದು 'ಹೂಂ ಅಣ್ಣಾ'. ಅದರ ಕೆಳಗೆ ಇನ್ನೊಂದು: 'ಆ ಹಲಗಿ ಖರೇನ ಛಲೋ ಐತೇನ್ರಿ? ಅದನ್ನ ತೆಗೀಬೇಕಂತ ಮಾಡಿದ್ದೆ.'

ತೆಗೀಬೇಡ ಅಂದೆ. ಭಾನುವಾರ ನನ್ನ ಸ್ಪೀಕರ್ ತಗೊಂಡು ಅವನ ಮನೆಗೆ ಹೋಗ್ತೀನಿ, ಆ ಜಾಗವನ್ನು ಜೋರಾಗಿ ಇಟ್ಟು ಕೇಳಬೇಕು.