ಅವರು ದಲ್ಲಾಳಿಗಳಲ್ಲ, ದೊಡ್ಡಪ್ಪ

ನೆದರ್ಲ್ಯಾಂಡ್ಸ್‌ನಲ್ಲಿ ಚುನಾವಣೆ ಮುಗಿದಾಗಲೆಲ್ಲ ಊರಿನವರು ನನ್ನನ್ನು ಕೇಳುವುದು ಒಂದೇ: "ಸರ್ಕಾರ ರಚಿಸಲು ಅಲ್ಲಿ ಮಧ್ಯವರ್ತಿಗಳೇಕೆ?" ದೊಡ್ಡಪ್ಪನ ಮಾತು ಇನ್ನೂ ನೇರ. 2021ರ ದೀಪಾವಳಿಗೆ ಫೋನು ಮಾಡಿದವರು, "ಆ ದಲ್ಲಾಳಿಗಳಿಗೆ ಕಮಿಷನ್ ಎಷ್ಟಪ್ಪಾ?" ಎಂದರು. ಹಬ್ಬದ ದಿನವೆಂದು ಸುಮ್ಮನಾದೆ. ಇನ್ನು ಯಾರೇ ಕೇಳಲಿ, ಈ ಬರಹವನ್ನೇ ಕಳುಹಿಸುತ್ತೇನೆ.

ಅಲ್ಲಿನ ಕೆಳಮನೆಯಲ್ಲಿ 150 ಸ್ಥಾನಗಳು, ಬಹುಮತಕ್ಕೆ 76 ಬೇಕು. ಯಾವ ಪಕ್ಷಕ್ಕೂ ಒಂಟಿಯಾಗಿ ಅಷ್ಟು ದಕ್ಕುವುದಿಲ್ಲ. ನಿನ್ನೆಯವರೆಗೆ ಜರೆದಾಡಿಕೊಂಡ ನಾಯಕರಲ್ಲಿ ಮೊದಲು ಬಗ್ಗಿದವರು ಸೋತಂತೆ ಕಾಣುತ್ತಾರೆ. ಆದ್ದರಿಂದ ನಡುವೆ ಒಬ್ಬರು ಕೂರಬೇಕು. ಯಾರು ಯಾರ ಜೊತೆ ಮಾತಿಗೆ ಸಿದ್ಧ ಎಂದು ಮೊದಲು ತಿಳಿದುಕೊಳ್ಳುವವರು 'ವರ್ಕೆನ್ನರ್'. ಒಪ್ಪಂದವನ್ನು ಕುದುರಿಸುವವರು 'ಇನ್ಫೊರ್ಮಾತ್ಯೂರ್'. ಕೊನೆಗೆ ಮಂತ್ರಿಗಳನ್ನು ಆರಿಸುವ 'ಫೊರ್ಮಾತ್ಯೂರ್' ಸಾಮಾನ್ಯವಾಗಿ ಮುಂದಿನ ಪ್ರಧಾನಿಯೇ. ಹಿಂದೆ ಇವರನ್ನು ರಾಣಿ ನೇಮಿಸುತ್ತಿದ್ದರು. 2012ರಿಂದ ಕೆಳಮನೆಯೇ ನೇಮಿಸುತ್ತದೆ, ವರದಿಯೂ ಅಲ್ಲಿಗೇ ಹೋಗಬೇಕು. ಹೊಸ ಸರ್ಕಾರ ರಚನೆಯಾಗುವವರೆಗೆ ಹಳೆಯ ಸಂಪುಟ ದಿನದ ಕೆಲಸ ನೋಡಿಕೊಳ್ಳುತ್ತದೆ. 2021ರಲ್ಲಿ ಇದಕ್ಕೆ ಹಿಡಿದದ್ದು 299 ದಿನ. ತಡ ನಿಜ. ಆದರೆ 79ರ ವಯಸ್ಸಿನಲ್ಲಿ ಹರ್ಮನ್ ಚೇಂಕ್ ವಿಲ್ಲಿಂಕ್ ಇನ್ಫೊರ್ಮಾತ್ಯೂರ್ ಆಗಿ ನಾಯಕರ ಜಗಳದ ನಡುವೆ ಬಂದು ಕೂತದ್ದು ಕಮಿಷನ್ನಿಗಲ್ಲ, ದೊಡ್ಡಪ್ಪ.

ನೀವೆಲ್ಲ ಎಷ್ಟು ದಿನವಾಯಿತು, ಎಷ್ಟು ದುಡ್ಡು ಎಂದು ಕೇಳುತ್ತೀರಿ. ಕೋಣೆಯಲ್ಲಿ ಇಲ್ಲದವನ ಬಗ್ಗೆ ಮಧ್ಯವರ್ತಿಗಳು ಏನು ಮಾತನಾಡಬಹುದು ಎಂದು ಒಬ್ಬರಾದರೂ ಕೇಳಬಾರದೇ?

2021ರ ಮಾರ್ಚ್ 25. ಇಬ್ಬರು ವರ್ಕೆನ್ನರ್‌ಗಳಲ್ಲಿ ಒಬ್ಬರಾಗಿದ್ದ ಕಾಯ್ಸಾ ಒಲೊಂಗ್ರೆನ್ ಅವರಿಗೆ ಕೊರೊನಾ ಇದೆಯೆಂದು ತಿಳಿಯಿತು. ಹೇಗ್ ನಗರದ ಸಂಸತ್ ಸಂಕೀರ್ಣ ಬಿನ್ನೆನ್‌ಹಾಫ್‌ನಿಂದ ಅವಸರದಲ್ಲಿ ಹೊರಬಿದ್ದರು. ಕಂಕುಳಲ್ಲಿ ಕಾಗದಗಳು, ಅಕ್ಷರವಿದ್ದ ಬದಿ ಹೊರಗೆ. ಛಾಯಾಗ್ರಾಹಕರೊಬ್ಬರು ಚಿತ್ರ ತೆಗೆದರು. ದೊಡ್ಡದು ಮಾಡಿ ನೋಡಿದರೆ ಒಂದು ಸಾಲು: "ಓಮ್ಟ್ಸಿಖ್ಟ್ ಸ್ಥಾನ, ಬೇರೆಡೆ ಹುದ್ದೆ."

ಪೀಟರ್ ಓಮ್ಟ್ಸಿಖ್ಟ್, ಮಕ್ಕಳ ಪಾಲನಾ ಭತ್ಯೆಯ ಹಗರಣದಲ್ಲಿ ಸಾವಿರಾರು ಕುಟುಂಬಗಳಿಗಾದ ಅನ್ಯಾಯವನ್ನು ಬೆನ್ನುಹತ್ತಿದ ಸಂಸದ. ಅದೇ ತಿಂಗಳು ಅವರ ಹೆಸರಿಗೇ 3 ಲಕ್ಷ 42 ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. ಅಂಥವರನ್ನು ಎಲ್ಲಿಗೆ ಸಾಗಹಾಕುವುದೆಂದು ಅವರ ಬೆನ್ನ ಹಿಂದೆ ಮಾತು! ಆ ಚಿತ್ರ ನೋಡಿದಾಗ ನನಗೆ ನಿಜವಾಗಿಯೂ ಮೈ ಉರಿಯಿತು. ವರ್ಕೆನ್ನರ್‌ಗಳಿಬ್ಬರೂ ಅಂದೇ ರಾಜೀನಾಮೆ ಕೊಟ್ಟರು. ಓಮ್ಟ್ಸಿಖ್ಟ್ ಬಗ್ಗೆ ತಾನು ಮಾತೇ ಆಡಿಲ್ಲ ಎಂದರು ಪ್ರಧಾನಿ ಮಾರ್ಕ್ ರುಟ್ಟೆ. ವಾರದೊಳಗೆ ಮಾತುಕತೆಯ ಟಿಪ್ಪಣಿಗಳು ಹೊರಬಂದವು; ಅವರು ಆಡಿದ್ದರು. ಕೆಳಮನೆ ರಾತ್ರಿಯವರೆಗೆ ಚರ್ಚಿಸಿ ಅವರ ಮೇಲೆ ಖಂಡನಾ ನಿರ್ಣಯ ಅಂಗೀಕರಿಸಿತು.

ಆ ಟಿಪ್ಪಣಿ ಬರೆದಿಟ್ಟದ್ದರಿಂದಲೇ ಸುಳ್ಳು ಸಿಕ್ಕಿಬಿತ್ತು. ನಾನು ಈ ವ್ಯವಸ್ಥೆಯ ಪರ ವಾದಿಸುವುದು ಇದಕ್ಕೇ.

ಆಮೇಲೊಮ್ಮೆ ಇದನ್ನೆಲ್ಲ ಹೇಳಿದಾಗ ದೊಡ್ಡಪ್ಪ ಕೇಳಿದ್ದು, "ಆ ಕಾಗದದಲ್ಲಿದ್ದವನು ಏನಾದ?" ಕೊನೆಗೂ ಒಂದು ಒಳ್ಳೆಯ ಪ್ರಶ್ನೆ. 2023ರಲ್ಲಿ ಅವರು ಸ್ವಂತ ಪಕ್ಷ ಕಟ್ಟಿ 20 ಸ್ಥಾನ ಗೆದ್ದರು. ಮಧ್ಯವರ್ತಿಯ ಮೇಜಿಗೆ ಈ ಬಾರಿ ಅವರೇ ಬಂದು ಕೂತರು. 2024ರ ಫೆಬ್ರವರಿಯಲ್ಲಿ, ಸರ್ಕಾರದ ಹಣಕಾಸಿನ ಬಗ್ಗೆ ತಮಗೆ ಗೊತ್ತಾಗಬೇಕಾದ ವಿಷಯ ಸಮಯಕ್ಕೆ ತಿಳಿಸಲಿಲ್ಲವೆಂದು ಎದ್ದು ಹೊರನಡೆದರು.