61ನೇ ಮಗು

ಆ ಮೂರು ಮಕ್ಕಳ ಟಿಸಿ ಬರೆದವಳು ನಾನೇ. ಕೊಪ್ಪಳದ ಕಡೆಯಿಂದ ಬಂದು ಸಂತೆಕಟ್ಟೆಯಲ್ಲಿ ಬಾಡಿಗೆ ರೂಮು ಹಿಡಿದಿದ್ದ ಗಾರೆ ಕೆಲಸದವರ ಮಕ್ಕಳು. ಅಕ್ಕ ಐದನೇ ಕ್ಲಾಸು, ತಮ್ಮಂದಿರು ಮೂರು ಮತ್ತು ಒಂದು. ಕಟ್ಟಡ ಮುಗಿಯಿತು, ಮೇಸ್ತ್ರಿ ಮುರ್ಡೇಶ್ವರದಲ್ಲಿ ಬೇರೆ ಕೆಲಸ ಹಿಡಿದ, ಸಂಸಾರ ಅವನ ಹಿಂದೆ ಹೊರಟಿತು. "ಸಾಲಿ ಬಿಡಸಂಗಿಲ್ರೀ ಟೀಚರ್, ಅಲ್ಲೇ ಹಾಕ್ತೀವಿ" ಎಂದು ತಾಯಿ ಎರಡೆರಡು ಸಲ ಹೇಳಿ ಹೋದರು. ನಮ್ಮ ಶಾಲೆಯಲ್ಲಿ 61 ಇದ್ದ ಮಕ್ಕಳು 58 ಆದರು. ಆವತ್ತು ನನಗೆ ಬೇಸರವಾದದ್ದು ಆ ಹುಡುಗಿಗಾಗಿ. ಪದ್ಯವನ್ನು ಅವಳಷ್ಟು ಚೆಂದ ಓದುವವರು ತರಗತಿಯಲ್ಲಿ ಇರಲಿಲ್ಲ. ನನ್ನ ಕುರ್ಚಿಯ ವಿಷಯ ತಲೆಗೇ ಬರಲಿಲ್ಲ.

ಬರಬೇಕಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ನಾವು ಮೂವರಿದ್ದೆವು. ಜೂನ್ ತಿಂಗಳಿಡೀ ಮಳೆಯಲ್ಲಿ ಕೊಡೆ ಹಿಡಿದು ಮನೆಮನೆ ತಿರುಗಿದ್ದು ಆ ಒಂದು ಮಗುವಿಗಾಗಿಯೇ. ಹೋದ ಮನೆಗಳ ಅಂಗಳದಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಕುತ್ತಿಗೆಗೆ ಟೈ ಕಟ್ಟಿಕೊಂಡು ಹಳದಿ ವ್ಯಾನು ಕಾಯುತ್ತಿದ್ದ ಮಕ್ಕಳು. "ನಿಮ್ಮ ಶಾಲೆ ಒಳ್ಳೇದೇ ಟೀಚರ್, ನಾನೂ ಅಲ್ಲಿಯೇ ಕಲಿತದ್ದು" ಎಂದು ನಗುತ್ತಾ ಚಹಾ ಕೊಡುತ್ತಿದ್ದರು. ಚಹಾಕ್ಕೇನೂ ಕೊರತೆ ಇರಲಿಲ್ಲ.

ಮಕ್ಕಳ ಲೆಕ್ಕಕ್ಕೆ ಮಿಕ್ಕಿ ಬೇರೆ ಶಾಲೆಗೆ ಹೋಗಬೇಕಾದ ಹೆಚ್ಚುವರಿ ಶಿಕ್ಷಕರ ಕರಡು ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಮಧ್ಯಾಹ್ನ ಊಟ ಬಡಿಸುವ ಹೊತ್ತಿಗೆ. ನಮ್ಮ ಮೂವರಲ್ಲಿ ಯಾರು ಎಂಬ ಕುತೂಹಲಕ್ಕೆ ಕೆಳಗೆ ಕೆಳಗೆ ಜಾರಿಸುತ್ತಾ ಹೋದರೆ ನನ್ನದೇ ಹೆಸರು. ಹೆಚ್ಚುವರಿ ಎಂಬ ಪದವನ್ನು ಅದುವರೆಗೆ ನಾನು ಬಳಸುತ್ತಿದ್ದದ್ದು ಪರೀಕ್ಷೆಯಲ್ಲಿ ಮಕ್ಕಳು ಕೇಳುವ ಹಾಳೆಗೆ ಮಾತ್ರ. ಅಡುಗೆಯ ಅಕ್ಕ ನನ್ನ ಮುಖ ನೋಡಿಯೇ ಸೌಟು ಕೆಳಗಿಟ್ಟರು. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದು 26ರಿಂದ 100 ಮಕ್ಕಳವರೆಗೆ ಇಬ್ಬರೇ ಅಂತೆ ಟೀಚರ್, ನಾವು ಬಚಾವ್" ಎಂದರು. ಹೇಳಿದ ಮೇಲೆ ಅವರಿಗೇ ಪಾಪ ಅನಿಸಿತೋ ಏನೋ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾಂಬಾರು ಬಿತ್ತು.

ಲೆಕ್ಕ ಸುಳ್ಳಲ್ಲ. ಆದರೆ ಅದು ಎಣಿಸುವುದು ತಲೆಗಳನ್ನು, ತರಗತಿಗಳನ್ನಲ್ಲ. ಮೂರು ಮಕ್ಕಳು ಹೋದದ್ದರಿಂದ ನಮ್ಮ ಐದು ತರಗತಿ ನಾಲ್ಕಾಗಲಿಲ್ಲ. ಒಂದರಿಂದ ಮೂರರವರೆಗೆ ನಲಿಕಲಿ ಎಂದು ಒಬ್ಬರು ಒಟ್ಟಿಗೆ ಕೂರಿಸಿಕೊಂಡರೂ ನಾಲ್ಕು ಮತ್ತು ಐದು ಉಳಿಯುತ್ತವೆ. ಉಳಿದ ಇಬ್ಬರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರು. ಅವರಿಗೆ ಹಾಲು, ಮೊಟ್ಟೆ, ಅಕ್ಕಿಯ ಲೆಕ್ಕ, ಮೀಟಿಂಗು, ಕಂಪ್ಯೂಟರಿಗೆ ತುಂಬಿಸುವ ಮಾಹಿತಿ. ಆಕ್ಷೇಪಣೆ ಬರೆದು ಕೊಟ್ಟೆ. ಟಿಸಿ ಕೊಟ್ಟದ್ದು ಹೌದಲ್ಲ ಎಂದರು ಕಚೇರಿಯವರು. ಹೌದು, ಅಕ್ಷರವೂ ನನ್ನದೇ.

ಹೊಸ ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ಉಡುಪಿಯಲ್ಲಿ. ಒಂಬತ್ತಕ್ಕೇ ಹೋದರೆ ಹಾಲ್ ಆಗಲೇ ತುಂಬಿತ್ತು. ಎಲ್ಲರ ಕೈಯಲ್ಲೂ ಫೈಲು. ಕೆಲವರದ್ದು ದಪ್ಪ: ಡಾಕ್ಟರ ಪತ್ರ, ಅಂಗವಿಕಲತೆಯ ಪ್ರಮಾಣಪತ್ರ, ಗಂಡನ ನೌಕರಿಯ ದಾಖಲೆ. ನನ್ನದರಲ್ಲಿ ಎರಡೇ ಹಾಳೆ. ಆರೋಗ್ಯ ಗಟ್ಟಿ, ಗಂಡನಿಗೆ ಸ್ವಂತ ಅಂಗಡಿ. ಕಾಯಿಲೆ ಇಲ್ಲದ್ದಕ್ಕೆ ಒಂದು ಗಳಿಗೆ ಬೇಸರಪಟ್ಟುಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಎದುರಿನ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ. ಒಬ್ಬೊಬ್ಬರ ಕ್ರಮಸಂಖ್ಯೆ ಕರೆದಂತೆ ಒಂದೊಂದು ಶಾಲೆ ಅಳಿಸುತ್ತಾ ಹೋಗುತ್ತಿತ್ತು. ಮೊದಲು ಪೇಟೆಯ ಹತ್ತಿರದವು, ಆಮೇಲೆ ಬಸ್ಸಿನ ರೂಟಿನವು. ಹಿಂದಿನ ಸಾಲಿನಲ್ಲಿ ಎಲ್ಲರೂ ಫೋನಿಗೆ ಬಾಯಿ ಹಚ್ಚಿ ಕೇಳುವುದು ಒಂದೇ ಪ್ರಶ್ನೆ: "ಆ ಶಾಲೆಗೆ ಬಸ್ ಉಂಟಾ?" ನನ್ನ ಪಕ್ಕ ಕೂತ ಮಾಸ್ಟ್ರು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮೂರು ಶಾಲೆಗಳೂ ಅವರ ಕಣ್ಣೆದುರೇ ಹೋದವು. "ಎಂತ ಮಾಡುದು ಟೀಚರ್, ಇನ್ನು ಹೋದಲ್ಲಿ ಊರು" ಎಂದು ಚೀಲದಿಂದ ಬನ್ಸ್ ತೆಗೆದು ಅರ್ಧ ನನಗೆ ಕೊಟ್ಟರು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ.

ನನ್ನ ಸರದಿ ಬಂದಾಗ ತಾಲೂಕಿನಲ್ಲಿ ಏನೂ ಉಳಿದಿರಲಿಲ್ಲ. ಜಿಲ್ಲೆಯ ಪಟ್ಟಿ ತೆರೆದರು: ಬೈಂದೂರಿನ ಆಚೆ ಎರಡು, ಅಮಾಸೆಬೈಲು ಕಡೆ ಒಂದು, ಹೆಬ್ರಿಯಿಂದ ಸೋಮೇಶ್ವರದ ದಾರಿಯಲ್ಲಿ ಇಳಿದು ಒಳಗೆ ನಡೆಯುವಲ್ಲಿ ಒಂದು. ಆಗುಂಬೆ ಬಸ್ಸು ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಹೋಗುವುದು ನೆನಪಾಯಿತು. ಒಂದೇ ಬಸ್ಸು, ಉಡುಪಿಯಿಂದ 30 ಕಿಲೋಮೀಟರಿಗೂ ಮಿಕ್ಕಿ. ಆ ಶಾಲೆಯ ಎದುರು ಮಕ್ಕಳು 34, ಕಾಯಂ ಶಿಕ್ಷಕರು 1 ಎಂದಿತ್ತು. ಅದು ಏಕೋಪಾಧ್ಯಾಯ ಶಾಲೆ. ನನ್ನನ್ನು ಹೆಚ್ಚುವರಿ ಎಂದ ಕಾಯ್ದೆಯೇ ಅಲ್ಲಿ ಇಬ್ಬರು ಬೇಕು ಎನ್ನುತ್ತದೆ. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. "ಬೇಗ ಹೇಳಿ ಮೇಡಂ" ಎಂದರು. ಹೇಳಿದೆ, ಸಹಿ ಹಾಕಿದೆ. 14 ವರ್ಷ ಇದ್ದ ಶಾಲೆಯಿಂದ ಏಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು. ಆ ಶಾಲೆಯ ಮುಖ್ಯೋಪಾಧ್ಯಾಯರು. ಸುದ್ದಿ ನನಗಿಂತ ಮೊದಲೇ ಘಟ್ಟದ ಬುಡ ಮುಟ್ಟಿತ್ತು.

"ಬರ್ತೀರಲ್ಲ ಟೀಚರ್? ಬೇರೆ ಎಲ್ಲಿಗಾದ್ರೂ ಬದಲು ಮಾಡಿಸ್ಕೊಳ್ಳುದಿಲ್ಲ ಅಲ್ವಾ? ನಾನು ರಜೆ ಹಾಕದೆ ಎಷ್ಟು ಕಾಲ ಆಯ್ತು ಮಾರಾಯ್ರೆ."

ಬರ್ತೇನೆ ಎಂದೆ. ಅವರ ದನಿ ಹಗುರಾಯಿತು. ಮಕ್ಕಳ ಬಗ್ಗೆ ಕೇಳಿದೆ. "ಅದನ್ನು ಇವರೇ ಹೇಳ್ತಾರೆ, ನಲಿಕಲಿ ನೋಡಿಕೊಳ್ಳುದು ಇವರು" ಎಂದು ಫೋನನ್ನು ಯಾರಿಗೋ ಕೊಟ್ಟರು. ಎಳೆಯ ದನಿ. ಅತಿಥಿ ಶಿಕ್ಷಕಿ, ಅಲ್ಲಿಯದೇ ಊರಿನ ಹುಡುಗಿ. ಖಾಲಿ ಹುದ್ದೆಯ ಎದುರು ಕೆಲಸ ಮಾಡುವವಳು. ಆ ಹುದ್ದೆ ಅರ್ಧ ಗಂಟೆಯ ಹಿಂದೆ ತುಂಬಿತ್ತು.

"ನಮಸ್ತೆ ಮೇಡಂ. ಯಾವ ಮಗು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿ ಉಂಟು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಮೇಜಿನ ಎಡಗಡೆ ಖಾನೆಯಲ್ಲಿ. ಒಂದನೇ ಕ್ಲಾಸಿನ ಒಬ್ಬ ಮಾತ್ರ ಮಾತಾಡುದಿಲ್ಲ, ಬೈಬೇಡಿ, ಅವನಿಗೆ ಎಲ್ಲ ಬರ್ತದೆ. ನೀವು ಯಾವಾಗ ಬರ್ತೀರಿ ಮೇಡಂ?"

"ಸೋಮವಾರ" ಎಂದೆ.

"ಹಾಗಾದ್ರೆ ಶನಿವಾರದವರೆಗೆ ನಾನು ಇರ್ತೇನೆ" ಎಂದಳು.